ತಾತ ಎಲ್ಲಿಗೆ ಬರ್ತಾರೆ? ಬಸವನಗುಡಿಯ ಒಂದು ಹಳೇ ಮನೆ, ಒಂದು ಸಿನಿಮಾ

ಹುಡುಗನಿಗೆ ಒಂಬತ್ತು ವರ್ಷ. ನಾಲ್ಕನೇ ಕ್ಲಾಸು. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಅವನ ತಾತ ತೀರಿಕೊಂಡರು. ಆಗ ಅತ್ತ, ಕಾರ್ಯಕ್ಕೆ ಬಂದ ನೆಂಟರ ಮಕ್ಕಳ ಜೊತೆ ಆಟವನ್ನೂ ಆಡಿದ, ಬೇಸಿಗೆ ರಜೆಯಲ್ಲಿ ಚೆನ್ನಾಗಿಯೇ ಇದ್ದ. ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ತಾತನ ಕೋಣೆಯ ಮುಂದೆ ಹೋಗುವುದನ್ನೇ ಬಿಟ್ಟುಬಿಟ್ಟ. ಆ ಮನೆಯಲ್ಲಿ ಬಚ್ಚಲಿಗೆ ಹೋಗಬೇಕಾದರೆ ಆ ಕೋಣೆ ದಾಟಲೇಬೇಕು. ರಾತ್ರಿ ಉಚ್ಚೆ ತಡೆದುಕೊಂಡು ಮಲಗುತ್ತಿದ್ದ. ಎರಡು ಸಲ ಹಾಸಿಗೆ ಒದ್ದೆಯಾಯಿತು. ಅವನ ಅಮ್ಮ ನನಗೆ ಹೇಳಿದ್ದು ಇದಿಷ್ಟೇ. ಅದೂ ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತಾ, ದನಿ ತಗ್ಗಿಸಿ.

ನಾನು ಇಪ್ಪತ್ತೆರಡು ವರ್ಷ ಪ್ರೈಮರಿ ಮಕ್ಕಳಿಗೆ ಪಾಠ ಹೇಳಿದವಳು. ಈಗ ತಿಂಗಳಿಗೆ ಎರಡು ಶನಿವಾರ ನಮ್ಮ ರಸ್ತೆಯ ಮಕ್ಕಳನ್ನು ಕೂರಿಸಿಕೊಂಡು ಸಿನಿಮಾ ತೋರಿಸುತ್ತೇನೆ. ನಾನು ಡಾಕ್ಟರಲ್ಲ, ಮನಶ್ಶಾಸ್ತ್ರ ಓದಿದವಳೂ ಅಲ್ಲ. ಹಾಗಾಗಿ ಮೊದಲು ಮಕ್ಕಳ ಡಾಕ್ಟರ ಹತ್ತಿರ ಕಳಿಸಿದೆ. ಮೂತ್ರದ ಸೋಂಕು ಏನೂ ಇರಲಿಲ್ಲ. ಎರಡು ತಿಂಗಳಲ್ಲಿ ಸರಿಹೋಗದಿದ್ದರೆ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಹೋಗೋಣ, ಜೊತೆಗೆ ನಾನೇ ಬರುತ್ತೇನೆ ಅಂದೆ. ಆಮೇಲೆ ನಡೆದದ್ದನ್ನು ಮನೆಯವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರೂ ಹಾಕಿಲ್ಲ.

ಮನೆ

ಮನೆಯನ್ನು ಸ್ವಲ್ಪ ಹೇಳಬೇಕು. 1898ರ ಪ್ಲೇಗ್ ಆದ ಮೇಲೆ ಇಕ್ಕಟ್ಟಾದ ಪೇಟೆಯಿಂದ ಜನ ಹೊರಗೆ ಬರಲಿ ಅಂತ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಬೆಳೆಸಿದರಲ್ಲ, ಅದಾದ ಮೇಲಿನ ತಲೆಮಾರಿನ ಮನೆ ಇದು. ಕಿಟಕಿಯ ಮೇಲೆ ಮರದ ಪಟ್ಟಿಗಳನ್ನು ಚೂಪಾಗಿ ಇಳಿಬಿಟ್ಟ ಮಂಕಿ ಟಾಪ್. ಮುಂದಿನ ಜಗುಲಿಗೆ ಮಂಗಳೂರು ಹೆಂಚು. ಒಳಗೆ ಕೆಂಪು ಗಾರೆ ನೆಲ, ನಡೆದೂ ನಡೆದೂ ಬಾಗಿಲ ಹತ್ತಿರ ಮಾತ್ರ ಬಣ್ಣ ಮಾಸಿದೆ. ತಾತ ಮಾಗಡಿ ಕಡೆಯ ಹಳ್ಳಿಯಿಂದ ಕೆಲಸಕ್ಕೆ ಬಂದು, ಮೊದಲು ಬಾಡಿಗೆಗೆ ಇದ್ದು, ಆಮೇಲೆ ಇದೇ ಮನೆಯನ್ನು ಕೊಂಡವರು. ಅವರು ಕಟ್ಟಿಸಿದ್ದಲ್ಲ. ಈ ವಿಷಯ ಮುಂದೆ ಬೇಕಾಗುತ್ತದೆ.

ಹುಡುಗನ ಭಯಕ್ಕೆ ಮನೆಯವರು ಏನೇನು ಮಾಡಿದ್ದರು ಅಂತ ಕೇಳಿದೆ. ದೃಷ್ಟಿ ತೆಗೆದಿದ್ದರು. ತಾಯತ ಕಟ್ಟಿಸಿದ್ದರು. ತಾತನ ಫೋಟೋ ತೆಗೆದು ಬೀರುವಿನಲ್ಲಿ ಇಟ್ಟಿದ್ದರು. ಅವನೆದುರು ತಾತನ ಹೆಸರು ಎತ್ತುವುದನ್ನೇ ಬಿಟ್ಟಿದ್ದರು. ಎಲ್ಲವೂ ಪ್ರೀತಿಯಿಂದಲೇ ಮಾಡಿದ್ದು. ಆದರೆ ಮಗುವಿನ ಕಡೆಯಿಂದ ನೋಡಿದರೆ ಏನಾಯಿತು? ದಿನಾ ಬೆಳಿಗ್ಗೆ ಏಳು ಗಂಟೆ ಐದು ನಿಮಿಷಕ್ಕೆ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಕೇಳುತ್ತಾ, ತನಗೆ ಜಡೆ ಬಿಸ್ಕತ್ತು ಕೊಡಿಸುತ್ತಿದ್ದ ತಾತ ಇದ್ದಕ್ಕಿದ್ದ ಹಾಗೆ ಹೆಸರು ಹೇಳಬಾರದ ಒಂದು ವಸ್ತುವಾದರು.

ಅವನಿಗೆ ದೆವ್ವ ಅಂದರೆ ಏನು ಗೊತ್ತಿತ್ತು ಅನ್ನುವುದೂ ಮುಖ್ಯ. ಟೀವಿಯಲ್ಲಿ 'ಆಪ್ತಮಿತ್ರ' ನೋಡಿದ್ದ. 2004ರ ಸಿನಿಮಾ, ಇವನು ಹುಟ್ಟುವ ಎಷ್ಟೋ ಮುಂಚಿನದು, ಆದರೂ ನಮ್ಮ ಮಕ್ಕಳಿಗೆಲ್ಲ ನಾಗವಲ್ಲಿ ಗೊತ್ತು. ಹಳೇ ಮನೆ, ಬೀಗ ಹಾಕಿದ ಕೋಣೆ, ಒಳಗೆ ಒಬ್ಬಳು. ಅವಳು ದೆವ್ವವಲ್ಲ, ಮನಸ್ಸಿನ ಕಾಯಿಲೆ ಅಂತ ಕೊನೆಯಲ್ಲಿ ಬರುವುದು ಮಕ್ಕಳ ತಲೆಯಲ್ಲಿ ಉಳಿಯುವುದಿಲ್ಲ, ಕೋಣೆ ಉಳಿಯುತ್ತದೆ. ಜೊತೆಗೆ ಅವನ ಅಮ್ಮ ತಾನು ಚಿಕ್ಕವಳಿದ್ದಾಗಿನ 'ನಾಳೆ ಬಾ' ಕಥೆ ಹೇಳಿದ್ದರು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆ ಮನೆ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ ಬರೆದಿರುತ್ತಿತ್ತಲ್ಲ, ಅದು. ಸುಮ್ನೆ ನಗಿಸೋಕೆ ಹೇಳಿದ್ದು. ಅವನು ನಗಲಿಲ್ಲ. ಸತ್ತವರು ಬಂದರೆ ಬಾಗಿಲಲ್ಲೇ ತಡೆಯಬೇಕು ಅನ್ನುವ ಒಂದೇ ಮಾತು ಅವನಿಗೆ ಸಿಕ್ಕಿದ್ದು.

ಆ ಮನೆಯಲ್ಲಿ ಯಾರೂ ಕೇಳದೆ ಬಿಟ್ಟಿದ್ದ ಒಬ್ಬರು ಇದ್ದರು. ಅಜ್ಜಿ.

ಸಿನಿಮಾ

ನಾನು ಆರಿಸಿದ್ದು 'ಫ್ರಮ್ ಟೈಮ್ ಟು ಟೈಮ್'. 2009ರ ಇಂಗ್ಲಿಷ್ ಸಿನಿಮಾ. ಬರೆದು ನಿರ್ದೇಶಿಸಿದವರು ಜೂಲಿಯನ್ ಫೆಲೋಸ್, ಮರುವರ್ಷ 'ಡೌನ್‌ಟನ್ ಆ್ಯಬಿ' ಧಾರಾವಾಹಿ ಶುರುಮಾಡಿದರಲ್ಲ, ಅವರೇ. ಮೂಲ ಲೂಸಿ ಬಾಸ್ಟನ್ ಅವರ 1958ರ ಮಕ್ಕಳ ಕಾದಂಬರಿ, 'ದ ಚಿಮ್ನೀಸ್ ಆಫ್ ಗ್ರೀನ್ ನೋ'. ಆ ಲೇಖಕಿಯ ವಿಷಯ ನನಗೆ ತುಂಬಾ ಇಷ್ಟ. 1939ರಲ್ಲಿ ಅವರು ಕೇಂಬ್ರಿಜ್ ಹತ್ತಿರದ ಹೆಮಿಂಗ್‌ಫರ್ಡ್ ಗ್ರೇ ಎಂಬ ಹಳ್ಳಿಯಲ್ಲಿ ಒಂದು ಹಳೇ ಮನೆ ಕೊಂಡರು. ಹಳೇದು ಅಂದರೆ ನಮ್ಮ ಲೆಕ್ಕದ ಹಳೇದಲ್ಲ, 1130ರ ಹೊತ್ತಿನಲ್ಲಿ ಕಟ್ಟಿದ್ದು. ನಮ್ಮ ಬೇಲೂರಿನ ಗುಡಿ ಕಟ್ಟಿ ಇನ್ನೂ ಹೆಚ್ಚು ವರ್ಷ ಆಗಿರದ ಕಾಲ. ಆ ಮನೆಯಲ್ಲಿ ಬದುಕುತ್ತಾ, ಅರವತ್ತು ದಾಟಿದ ಮೇಲೆ, 1954ರಲ್ಲಿ, ಈ ಸರಣಿಯ ಮೊದಲ ಪುಸ್ತಕ ಹೊರತಂದರು. ಒಂದೇ ಮನೆಯಲ್ಲಿ ಬೇರೆ ಬೇರೆ ಕಾಲದ ಮಕ್ಕಳು ಒಬ್ಬರನ್ನೊಬ್ಬರು ಕಾಣುವ ಕಥೆ. ಸಿನಿಮಾವನ್ನು ಅಲ್ಲಿ ತೆಗೆದಿಲ್ಲ, ಡಾರ್ಸೆಟ್‌ನ ಆಥೆಲ್‌ಹ್ಯಾಂಪ್ಟನ್ ಎಂಬ ಇನ್ನೊಂದು ಹಳೇ ಬಂಗಲೆಯಲ್ಲಿ ತೆಗೆದರು.

ಕಥೆ ಇಷ್ಟು. 1944, ಎರಡನೇ ಮಹಾಯುದ್ಧ ಮುಗಿಯುತ್ತಾ ಬಂದಿದೆ. ಟಾಲಿ ಎಂಬ ಹದಿಮೂರರ ಹುಡುಗ ಹಳ್ಳಿಯ ದೊಡ್ಡ ಮನೆಯಲ್ಲಿರುವ ಅಜ್ಜಿಯ ಹತ್ತಿರ ಬರುತ್ತಾನೆ. ಅಪ್ಪ ಯುದ್ಧಕ್ಕೆ ಹೋದವರು, ಸುದ್ದಿಯೇ ಇಲ್ಲ. ಅಜ್ಜಿಗೂ ಅವನಿಗೂ ಮೊದಮೊದಲು ಅಷ್ಟಕ್ಕಷ್ಟೆ, ಯಾಕೆಂದರೆ ಅವನ ಅಮ್ಮನನ್ನು ಅಜ್ಜಿ ಒಪ್ಪಿಕೊಂಡಿರಲಿಲ್ಲ. ಆ ಮನೆಯಲ್ಲಿ ಟಾಲಿಗೆ ನೆಪೋಲಿಯನ್ ಕಾಲದ ತನ್ನ ಹಿರಿಯರು ಕಾಣಿಸತೊಡಗುತ್ತಾರೆ. ಹಡಗಿನ ಕ್ಯಾಪ್ಟನ್, ಕಣ್ಣು ಕಾಣದ ಅವರ ಮಗಳು ಸೂಸನ್, ಅವಳ ಜೊತೆಗಿರಲೆಂದು ಕ್ಯಾಪ್ಟನ್ ಕರೆತಂದ, ಗುಲಾಮಗಿರಿಯಿಂದ ತಪ್ಪಿಸಿಕೊಂಡ ಕಪ್ಪು ಹುಡುಗ ಜೇಕಬ್. ಕಳೆದುಹೋದ ಒಡವೆಗಳ ಒಂದು ಗುಟ್ಟು, ಒಂದು ಬೆಂಕಿ ಅನಾಹುತ ಇವೆ. ಕೊನೆ ಹೇಳುವುದಿಲ್ಲ, ನೋಡುವವರಿಗೆ ಅದು ಹಾಗೇ ಇರಲಿ.

ಇದನ್ನೇ ಯಾಕೆ ಆರಿಸಿದೆ ಅಂದರೆ, ಇಲ್ಲಿ ಸತ್ತವರು ಯಾರನ್ನೂ ಹೆದರಿಸಲು ಬರುವುದಿಲ್ಲ. ಅವರು ತಮ್ಮ ಪಾಡಿಗೆ ತಮ್ಮ ಮನೆಯಲ್ಲಿ ಓಡಾಡುತ್ತಾರೆ. ಆ ಕಾಲಕ್ಕೆ ಟಾಲಿ ಕಾಲಿಟ್ಟಾಗ, ಅವರ ಪಾಲಿಗೆ ಇವನೇ ದೆವ್ವ! ಮಕ್ಕಳಿಗೆ ಇದು ಹೊಳೆದ ಕೂಡಲೇ ಅರ್ಧ ಭಯ ಕರಗುತ್ತದೆ. ಇನ್ನೊಂದು ಕಾರಣ ಅಜ್ಜಿ. ಮ್ಯಾಗಿ ಸ್ಮಿತ್. 2024ರಲ್ಲಿ ತೀರಿಕೊಂಡರು, ಎಂಬತ್ತೊಂಬತ್ತು ವರ್ಷ ಬದುಕಿದ್ದರು. ಮೊಮ್ಮಗ ಸತ್ತವರನ್ನು ಕಂಡೆ ಅಂದರೆ ಈ ಅಜ್ಜಿ ಬಾಯಿ ಮುಚ್ಚಿಸುವುದಿಲ್ಲ. ಅವರ ಕಾಲದ ಕಥೆ ಹೇಳುತ್ತಾರೆ. ನನಗೆ ಬೇಕಾಗಿದ್ದದ್ದು ದೆವ್ವಕ್ಕಿಂತ ಜಾಸ್ತಿ ಈ ಅಜ್ಜಿಯೇ.

ಶನಿವಾರ ಮಧ್ಯಾಹ್ನ ಮೂರು ಗಂಟೆ

ನಮ್ಮ ಮನೆಯಲ್ಲಿ ಬೇಡ, ಅವರ ಮನೆಯಲ್ಲೇ ತೋರಿಸೋಣ ಅಂದೆ. ಹಗಲು ಹೊತ್ತು, ಕಿಟಕಿ ತೆಗೆದು. ತಾತನ ಕೋಣೆಯ ಬಾಗಿಲು ಮುಚ್ಚುವುದು ಬೇಡ, ಹೇಗಿದೆಯೋ ಹಾಗೇ ಇರಲಿ. ಅಪ್ಪ, ಅಮ್ಮ, ಅಜ್ಜಿ ಮೂವರೂ ಕೂರಲೇಬೇಕು ಅಂತ ಹಟ ಹಿಡಿದೆ. ಮಕ್ಕಳು ನಾಲ್ವರು. ಹುಡುಗನ ದೊಡ್ಡಪ್ಪನ ಮಗನನ್ನೂ ಕರೆಸಿದೆ, ಅವನಿಗೆ ಹನ್ನೆರಡು. ನನ್ನ ಹತ್ತಿರ ಇದ್ದ ಡಿವಿಡಿ ಹಾಕಿ, ಇಂಗ್ಲಿಷ್ ಮಾತು ಅಜ್ಜಿಗೆ ಬಾರದು, ಮಕ್ಕಳಿಗೂ ಆ ಉಚ್ಚಾರ ಕಷ್ಟ ಅಂತ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಸಿನಿಮಾದ ಅಜ್ಜಿ ಬಂದ ಕೂಡಲೇ ಮಕ್ಕಳು "ಮೆಕ್‌ಗೊನಗಲ್ ಮಿಸ್!" ಅಂತ ಕೂಗಿದರು. ಹ್ಯಾರಿ ಪಾಟರ್‌ನ ಟೀಚರ್ ಅಲ್ವಾ. ಮನೆಯ ಆಳಾಗಿ ಟಿಮೊತಿ ಸ್ಪಾಲ್ ಬಂದಾಗ "ಅಯ್ಯೋ ವರ್ಮ್‌ಟೇಲ್" ಅಂದರು. ಹಾಗೆ ಗುರುತು ಸಿಕ್ಕಿದ್ದು ಒಳ್ಳೆಯದೇ ಆಯಿತು. ಹುಡುಗನ ಭುಜ ಸ್ವಲ್ಪ ಸಡಿಲವಾಯಿತು.

ಟೆಲಿಗ್ರಾಂ ಅಂದರೇನು ಅಂತ ಕೇಳಿದರು. ಅಜ್ಜಿ ಹೇಳಿದರು, ತಂತಿ ಬಂತು ಅಂದರೆ ಓದೋ ಮುಂಚೇನೇ ಅಳು ಶುರು ಆಗ್ತಿತ್ತು ಅಂತ. ನಮ್ಮಲ್ಲಿ ಅದು ನಿಂತದ್ದು 2013ರಲ್ಲಿ, ಈ ಮಕ್ಕಳು ಹುಟ್ಟುವ ಮುಂಚೆ. ಅಪ್ಪನ ಸುದ್ದಿಗೆ ಕಾಯುವ ಹುಡುಗನನ್ನು ಅವರಿಗೆ ಅರ್ಥ ಮಾಡಿಸಲು ನನ್ನ ವಿವರಣೆಗಿಂತ ಅಜ್ಜಿಯ ಆ ಒಂದು ಮಾತು ಸಾಕಾಯಿತು.

ಸತ್ತವರು ಕಾಣಿಸುವಾಗ ಹುಡುಗ ಹೆದರುತ್ತಾನೆ ಅಂದುಕೊಂಡಿದ್ದೆ. ಹೆದರಲಿಲ್ಲ. ಜೇಕಬ್‌ನನ್ನು ಆ ಮನೆಯ ಕೆಲವರು ಕೀಳಾಗಿ ಕಾಣುವಾಗ ಮಾತ್ರ ತುಂಬಾ ಕೆರಳಿದ. "ಅವನನ್ನ ಯಾಕೆ ಹಂಗೆ ಬೈತಾರೆ?" ಅಂತ ಎದ್ದು ನಿಂತ. ಅಲ್ಲಿ ನಿಲ್ಲಿಸಿ ಗುಲಾಮರ ವ್ಯಾಪಾರದ ಬಗ್ಗೆ ಸ್ವಲ್ಪ ಹೇಳಿದೆ. 1807ರಲ್ಲಿ ಬ್ರಿಟನ್ ಆ ವ್ಯಾಪಾರ ನಿಲ್ಲಿಸುವ ಕಾನೂನು ತಂದಿತು, ಆದರೆ ಅದಾಗಲೇ ಗುಲಾಮರಾಗಿದ್ದವರ ಬಿಡುಗಡೆಗೆ ಇನ್ನೊಂದು ಕಾನೂನು ಬರಲು 1833ರ ತನಕ ಕಾಯಬೇಕಾಯಿತು ಅಂತ. ಸಿನಿಮಾದ ಈ ಭಾಗವನ್ನು ಸಣ್ಣ ಮಕ್ಕಳಿಗೆ ಬೇಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮನೆ ನೆನಪಿಟ್ಟುಕೊಳ್ಳುವುದು ಒಳ್ಳೆಯದನ್ನು ಮಾತ್ರ ಅಲ್ಲ, ಅನ್ಯಾಯವನ್ನೂ.

ಟಾಲಿ ತಾನು ಕಂಡದ್ದನ್ನು ಅಜ್ಜಿಗೆ ಹೇಳುವ ಕಡೆ ಮತ್ತೆ ನಿಲ್ಲಿಸಿದೆ. "ಅಜ್ಜಿ ಯಾಕೆ ಬೈಲಿಲ್ಲ?" ಅಂತ ಮಕ್ಕಳನ್ನು ಕೇಳಿದೆ. ಅವರಿಗಿಂತ ಮುಂಚೆ ನಮ್ಮ ಅಜ್ಜಿಯೇ ಉತ್ತರ ಕೊಟ್ಟರು. "ಬೈಯೋದ್ಯಾಕೆ? ಅವರ ಮನೆಯವರೇ ತಾನೆ ಬಂದಿರೋದು."

ಅದಾಗಿ ಹತ್ತು ನಿಮಿಷ ಕಳೆದಿರಬಹುದು. ದುಡ್ಡಿಲ್ಲದೆ ಅಜ್ಜಿ ಆ ದೊಡ್ಡ ಮನೆಯನ್ನು ಮಾರಬೇಕಾಗಿ ಬರಬಹುದು ಅನ್ನುವ ಮಾತು ಸಿನಿಮಾದಲ್ಲಿ ಬಂತು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ, ಅಷ್ಟೇ. ಹುಡುಗ ಟೀವಿ ಬಿಟ್ಟು ಅಪ್ಪನ ಕಡೆ ತಿರುಗಿದ.

"ನಮ್ಮ ಮನೇನೂ ಕೊಡ್ತಿದ್ದೀರಲ್ವಾ ಅಪ್ಪ?"

ನಡುಮನೆಯಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ನನಗೆ ಆಗಲೇ ಗೊತ್ತಾಗಿದ್ದು. ಏಪ್ರಿಲ್‌ನಿಂದ ಒಬ್ಬ ಬಿಲ್ಡರ್ ಜೊತೆ ಜಾಯಿಂಟ್ ಡೆವಲಪ್‌ಮೆಂಟ್ ಮಾತು ನಡೆದಿತ್ತು. ಮನೆ ಕೆಡವಿ ನಾಲ್ಕು ಅಂತಸ್ತು, ಇವರಿಗೆ ಎರಡು ಫ್ಲ್ಯಾಟು. ಮಕ್ಕಳಿಗೆ ಹೇಳಿರಲಿಲ್ಲ. ಇವನು ಜೂನ್‌ನಲ್ಲಿ ಅಪ್ಪ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡಿದ್ದ. ದೊಡ್ಡಪ್ಪನ ಮಗನಿಗೆ ಹೇಳಿದ್ದ. ಅವನು, "ತಾತ ಕೊಂಡ ಮನೆ ಕೆಡವಿದ್ರೆ ತಾತ ದೆವ್ವ ಆಗಿ ಬಂದು ಕಾಡ್ತಾರೆ" ಅಂದಿದ್ದ. ಅಲ್ಲಿಗೆ ಜೂನ್ ಯಾಕೆ ಅನ್ನುವುದು ತಿಳಿಯಿತು. ಮಳೆಗೂ ಭಯಕ್ಕೂ ಸಂಬಂಧ ಇತ್ತು, ಅದನ್ನು ಆಮೇಲೆ ಹೇಳುತ್ತೇನೆ, ಆದರೆ ಭಯದ ಬೇರು ಆ ಫೋನ್ ಮಾತಿನಲ್ಲಿತ್ತು.

ಇಲ್ಲಿ ನನ್ನ ತಪ್ಪಿದೆ. ಈ ಸಿನಿಮಾದಲ್ಲಿ ಮನೆ ಮಾರುವ ಮಾತು ಬರುತ್ತದೆ ಅಂತ ನನಗೆ ಗೊತ್ತಿತ್ತು. ಮನೆಯವರನ್ನು ಮೊದಲೇ ಕೂರಿಸಿ, ಮಗುವಿಗೆ ಹೇಳದೆ ಇಟ್ಟಿರುವುದು ಏನಾದರೂ ಇದೆಯಾ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಅಪ್ಪನಿಗೆ ಎಲ್ಲರೆದುರು ಮಗನಿಗೆ ಉತ್ತರ ಕೊಡಬೇಕಾಗಿ ಬಂತು. ಅವರು ದೊಡ್ಡ ಮನಸ್ಸಿನವರು, ಸುಳ್ಳು ಹೇಳಲಿಲ್ಲ. "ಹೌದು ಮಗನೆ, ಮಾತಾಡ್ತಿದ್ದೀವಿ. ಮುಗಿದಿಲ್ಲ. ನಿನಗೆ ಹೇಳಬೇಕಿತ್ತು" ಅಂದರು.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಮನೆ ಕೆಡವಿದ್ರೆ ತಾತ ಎಲ್ಲಿಗೆ ಬರ್ತಾರೆ?"

ಇದನ್ನು ಕೇಳಿ ನನಗೆ ಗಂಟಲು ಕಟ್ಟಿತು. ನಾವೆಲ್ಲ ಅವನು ತಾತ ಬರುತ್ತಾರೆ ಅಂತ ಹೆದರಿದ್ದಾನೆ ಅಂದುಕೊಂಡಿದ್ದೆವು. ತಾತನಿಗೆ ಬರಲು ಜಾಗವೇ ಇಲ್ಲದೆ ಹೋಗುತ್ತದೆ, ಅದಕ್ಕೇ ಸಿಟ್ಟಾಗುತ್ತಾರೆ ಅನ್ನುವುದು ಅವನ ಭಯ.

ಅಜ್ಜಿ ಅವನನ್ನು ಹತ್ತಿರ ಎಳೆದುಕೊಂಡು ಹೇಳಿದ್ದನ್ನು ಅವತ್ತು ರಾತ್ರಿಯೇ ಬರೆದಿಟ್ಟುಕೊಂಡೆ. "ನಮ್ಮತ್ತೆ ಮಾವ ಈ ಮನೇನ ನೋಡೇ ಇರಲಿಲ್ಲ ಕಂದ. ಅವರು ಹಳ್ಳಿ ಮನೇಲೇ ಹೋಗಿದ್ದು. ಆ ಮನೆ ಬಿದ್ದು ಎಷ್ಟೋ ಕಾಲ ಆಯ್ತು. ಆದ್ರೂ ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ಎಡೆ ಇಟ್ರೆ ಇಲ್ಲಿಗೇ ಬರ್ತಾರಲ್ಲ? ದಾರಿ ಕೇಳ್ಕೊಂಡು ಬಂದ್ರಾ? ಎಡೆ ಎಲ್ಲಿಡ್ತೀವೋ ಅಲ್ಲಿಗೆ ಬರ್ತಾರೆ."

ಮನೆ ಅಲ್ಲ, ಎಡೆ. ನಾನು ಎಷ್ಟು ಪುಸ್ತಕ ಓದಿದ್ದರೂ ಈ ಉತ್ತರ ನನ್ನಿಂದ ಬರುತ್ತಿರಲಿಲ್ಲ. ಹಳೇ ಮೈಸೂರಿನ ಕಡೆ ಮನೆ ಮನೆಯಲ್ಲಿ ನಡೆಯುವುದೇ ಇದು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಸತ್ತವರಿಗೆ ಇಷ್ಟವಾದದ್ದೆಲ್ಲ ಮಾಡಿ, ಹೊಸ ಬಟ್ಟೆ ಇಟ್ಟು, ಎಡೆ ಹಾಕಿ, ಅವರು ಬಂದು ಉಣ್ಣಲಿ ಅಂತ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕಾಯುತ್ತಾರೆ. ಸತ್ತವರನ್ನು ಊಟಕ್ಕೆ ಕರೆಯುವ ನಾವು, ಮಕ್ಕಳಿಗೆ ಮಾತ್ರ ನಾಗವಲ್ಲಿಯನ್ನೇ ಕೊಟ್ಟಿದ್ದೇವೆ. ಇಂಗ್ಲೆಂಡಿನ ಒಂದು ಹಳೇ ಬಂಗಲೆಯ ಸಿನಿಮಾ ನೋಡಿ ಅಜ್ಜಿಗೆ ತಮ್ಮದೇ ಮನೆಯ ಹಬ್ಬ ಹೇಳಬೇಕು ಅನ್ನಿಸಿತು. ಮನೆಯವರೆಲ್ಲ ಜೊತೆಗೆ ಕೂತಿದ್ದರಿಂದ ಇದು ಆಯಿತು. ಹುಡುಗನಿಗೆ ಒಬ್ಬನಿಗೇ ಮೊಬೈಲ್‌ನಲ್ಲಿ ಹಾಕಿಕೊಟ್ಟಿದ್ದರೆ ಅವನ ಪ್ರಶ್ನೆ ಅವನ ಹತ್ತಿರವೇ ಉಳಿಯುತ್ತಿತ್ತು.

ಉಳಿದ ಸಿನಿಮಾ ನೋಡಿದೆವು. ಬೆಂಕಿಯ ದೃಶ್ಯ ಬರುವ ಮುಂಚೆಯೇ ಮಕ್ಕಳಿಗೆ ಹೇಳಿದ್ದೆ, ಯಾರೂ ಬೆಚ್ಚಲಿಲ್ಲ. ನಡುವೆ ಸ್ವಲ್ಪ ಕಡೆ ಕಥೆ ನಿಧಾನ, ಆ ಕಾಲಕ್ಕೂ ಈ ಕಾಲಕ್ಕೂ ಹಾರುವಾಗ ಗೊಂದಲವೂ ಆಗುತ್ತದೆ. ಬಾಯಲ್ಲಿ ಹೇಳುವವರೊಬ್ಬರು ಪಕ್ಕದಲ್ಲಿ ಇರಬೇಕು.

ಕೋಟು

ಆಮೇಲಿನ ವಾರ ಹುಡುಗ ಅಜ್ಜಿಗೆ ಇನ್ನೊಂದು ವಿಷಯ ಹೇಳಿದ. ರಾತ್ರಿ ಆ ಕೋಣೆಯ ಹತ್ತಿರ ತಾತನ ನಶ್ಯದ ವಾಸನೆ ಬರುತ್ತದೆ, ಮಳೆ ಬಂದ ದಿನ ಜಾಸ್ತಿ. ಮೊದಲು ಇದನ್ನು ಅಮ್ಮನಿಗೆ ಹೇಳಿದ್ದನಂತೆ, ಅಮ್ಮ ಗಾಬರಿಯಾಗಿ ತಾಯತ ಕಟ್ಟಿಸಿದ್ದು ಆಗಲೇ. ಅಜ್ಜಿ ಬೈಯಲೂ ಇಲ್ಲ, ನಗಲೂ ಇಲ್ಲ. "ಹೌದಾ? ಬಾ ನೋಡೋಣ" ಅಂದರು. ಇಬ್ಬರೂ ಹಗಲಲ್ಲಿ ಒಳಗೆ ಹೋಗಿ ಬೀರು ತೆಗೆದರು. ನಾನೂ ಇದ್ದೆ. ಕಂದು ಬಣ್ಣದ ಉಣ್ಣೆ ಕೋಟು, ತೋಳಿನ ಅಂಚು ಸವೆದು ನೂಲು ಬಿಟ್ಟಿತ್ತು. ಒಳ ಜೇಬಿನಲ್ಲಿ ಮಡಿಸಿಟ್ಟ ಕರ್ಚೀಫು, ಅದರ ತುಂಬ ಕಂದು ಕಲೆ. ಜೊತೆಗೆ ಹೆಬ್ಬೆರಳಗಲದ ತಗಡಿನ ಡಬ್ಬಿ. ಹವೆ ತೇವವಾದಾಗ ಉಣ್ಣೆಯ ವಾಸನೆ ಎದ್ದು ಬರುತ್ತದೆ, ಬೀರುವಿನ ಬಾಗಿಲೂ ಸರಿಯಾಗಿ ಕೂರುತ್ತಿರಲಿಲ್ಲ. ಅಷ್ಟೇ ವಿಷಯ.

ನೋಡಿದೆಯಾ, ತಾತ ಅಲ್ಲ, ಬರೀ ಕೋಟು ಅಂತ ಹೇಳಲು ಬಾಯಿ ತೆರೆದಿದ್ದೆ. ಅಜ್ಜಿ ಕಣ್ಣಲ್ಲೇ ಬೇಡ ಅಂದರು. ಹುಡುಗ ಕೋಟಿಗೆ ಮುಖ ಒತ್ತಿ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. "ಹಂಗಾದ್ರೆ ತಾತ ಸ್ವಲ್ಪ ಇದ್ರಲ್ಲಿ ಉಳ್ಕೊಂಡಿದ್ದಾರೆ" ಅಂದ. ಇದಕ್ಕಿಂತ ಸರಿಯಾಗಿ ಯಾರು ತಾನೆ ಹೇಳಿಯಾರು?

ಈಗ ಹೇಗಿದ್ದಾನೆ ಅಂದರೆ, ಪೂರ್ತಿ ಸರಿಹೋದ ಅನ್ನಲಾರೆ. ಸಿನಿಮಾ ನೋಡಿದ ನಾಲ್ಕನೇ ದಿನ ರಾತ್ರಿ ಅಜ್ಜಿಯ ಕೈ ಹಿಡಿದು ಬಚ್ಚಲಿಗೆ ಹೋದ. ಮೂರು ವಾರದಲ್ಲಿ ಒಬ್ಬನೇ ಹೋಗತೊಡಗಿದ, ಆದರೆ ದೀಪ ಹಾಕಿಕೊಂಡು, ಓಡುತ್ತಾ. ಹಾಸಿಗೆ ಒದ್ದೆಯಾಗುವುದು ನಿಂತಿದೆ. ಒಬ್ಬನೇ ಮಲಗುವುದಿಲ್ಲ, ಅಜ್ಜಿ ಬೇಕು. ನಿಮ್ಹಾನ್ಸ್‌ಗೆ ಹೋಗುವ ಅಗತ್ಯ ಬೀಳಲಿಲ್ಲ. ತಾತನ ಫೋಟೋ ಗೋಡೆಗೆ ಬಂದಿದೆ, ಮೊಳೆ ಹೊಡೆದದ್ದು ಅವನ ಅಪ್ಪ. ಬೆಳಿಗ್ಗೆ ರೇಡಿಯೋವನ್ನೂ ಹಾಕುತ್ತಾರೆ. ಬಿಲ್ಡರ್ ಮಾತು ಇನ್ನೂ ನಡೆಯುತ್ತಿದೆ. ಮನೆ ಉಳಿಯಲಿ ಅಂತ ನನಗೆ ತುಂಬಾ ಆಸೆ, ಇಂಥ ಮಂಕಿ ಟಾಪ್ ಮನೆಗಳು ನಮ್ಮ ರಸ್ತೆಯಲ್ಲೇ ಇನ್ನೆರಡು ಉಳಿದಿವೆ. ಆದರೆ ಮಳೆಗಾಲದಲ್ಲಿ ಆ ಸೂರು ಸೋರುವುದನ್ನು ನೋಡಿದವಳು ಅವರಿಗೆ ಬುದ್ಧಿ ಹೇಳಲಾರೆ. ಒಂದು ಮಾತ್ರ ಬದಲಾಗಿದೆ, ಈಗ ಆ ಮಾತು ಹುಡುಗನ ಎದುರೇ ನಡೆಯುತ್ತದೆ. ಹೊಸ ಮನೆಯಲ್ಲಿ ಎಡೆ ಇಡಲು ಒಂದು ಮೂಲೆ ಬೇಕು ಅಂತ ಅವನು ಅಪ್ಪನಿಗೆ ನಕ್ಷೆಯಲ್ಲಿ ತೋರಿಸಿಕೊಟ್ಟನಂತೆ.

ಹಿರಿಯರ ಹಬ್ಬಕ್ಕೆ ನನ್ನನ್ನೂ ಕರೆದಿದ್ದರು. ಅವರ ಪದ್ಧತಿಯಲ್ಲಿ ಸತ್ತ ವರ್ಷವೇ ಎಡೆ ಇಡುತ್ತಾರೆ. ಬಾಳೆ ಎಲೆಯ ಮೇಲೆ ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಹೊಸ ಪಂಚೆ. ಹುಡುಗ ಕೋಟಿನ ಜೇಬಿನಿಂದ ಆ ನಶ್ಯದ ಡಬ್ಬಿ ತಂದು ಎಲೆಯ ಬಲಗಡೆ ಇಟ್ಟ. ಎಲ್ಲರೂ ಹೊರಗೆ ಬಂದೆವು. ಬಾಗಿಲು ಮುಚ್ಚಬೇಕು, ಅಷ್ಟರಲ್ಲಿ "ಒಂದ್ನಿಮಿಷ" ಅಂತ ಅವನೊಬ್ಬನೇ ಮತ್ತೆ ಒಳಗೆ ಓಡಿದ. ಬಗ್ಗಿ ಡಬ್ಬಿಯ ಮುಚ್ಚಳ ತೆಗೆದು, ಮೇಲೆ ಸುಮ್ಮನೆ ಕೂರಿಸಿ ಬಂದ.

"ತಾತಂಗೆ ಬೆರಳು ನಡುಗ್ತಿತ್ತಲ್ವಾ ಮಿಸ್" ಅಂದ. "ಗಟ್ಟಿಯಾಗಿ ಮುಚ್ಚಿದ್ರೆ ತೆಗೆಯೋಕಾಗಲ್ಲ."

ಆಮೇಲೆ ಅವನೇ ಬಾಗಿಲು ಮುಂದೆ ಮಾಡಿದ.